ಅಜ್ಜಾರ ಒಂದು ಮಾತು

ಪುಣೆಯ ಪೇಠೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಈರಸಂಗಪ್ಪನಿಗೆ ಬೆಳಗಿನ ಚಹಾ ಇಲ್ಲದಿದ್ದರೂ ನಡೆದೀತು, ಧರ್ಮಯುದ್ಧದ ಮಾತಿಲ್ಲದೆ ನಡೆಯದು. ಪ್ರತಿ ಸೋಮವಾರ ಮಠಕ್ಕೆ ಹೋಗಿ, ಸ್ವಾಮಿಗಳ ಪಾದ ಹಿಡಿದು, “ಅಜ್ಜಾರ, ‘ನಿಮ್ಮ ಬೆನ್ನಿಗೆ ನಾ ಅದೀನಿ’ ಅಂತ ಒಂದ ಮಾತು ಹೇಳ್ರಿ ಸಾಕು, ಬ್ಯಾರೆ ಧರ್ಮದವರನ್ನ ಓಣಿ ಬಿಡಸ್ತೀವಿ” ಎಂದು ಗೋಗರೆಯುತ್ತಾನೆ. “ಮುಂದ ನಿಂದರಾವ್ರು ಯಾರಪಾ?” ಎಂದು ಅಜ್ಜಾರು ಕೇಳಿದರೆ, “ಹುಡುಗರು ಅದಾರ್ರಿ, ನನಗ ಮೊಣಕಾಲ ಬ್ಯಾನಿ” ಎನ್ನುತ್ತಾನೆ. ಅದೇ ಮೊಣಕಾಲು ಪ್ರಸಾದದ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಮಡಚುತ್ತದೆ. ಎರಡು ಸಲ ಹುಗ್ಗಿ ಬಡಿಸಿಕೊಂಡು ಹೊರಟಾಗ ಮಾತ್ರ ಅವನು ಹೊಸ್ತಿಲಲ್ಲೇ ನಿಂತುಬಿಡುತ್ತಾನೆ, ಏಕೆಂದರೆ ಬಾಗಿಲಲ್ಲಿ ಮಠದ ಮುದಿ ನಾಯಿ ಮಲಗಿರುತ್ತದೆ. ಅದಕ್ಕೆ ಹಲ್ಲೇ ಇಲ್ಲ, ಆದರೂ ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಜ್ಜಾರು ಸದ್ದಿಲ್ಲದೆ ಎದ್ದುಬಂದು, ಅವನ ಕೈ ಹಿಡಿದು ನಾಯಿಯನ್ನು ದಾಟಿಸುತ್ತಾ, “ಅಂಜಬ್ಯಾಡಪಾ, ನಾ ಅದೀನಿ” ಎನ್ನುತ್ತಾರೆ.