ಒಂದೋ ಏಳೋ

ತೊಂಬತ್ತರ ದಶಕದ ನಡುವಿನ ಮಾತು. ದೋಹಾದಲ್ಲಿ ನಾನಿದ್ದ ಕಂಪನಿ ಸಮುದ್ರದ ನೀರೆತ್ತುವ ಜರ್ಮನ್ ಪಂಪುಗಳನ್ನು ಮಾರುತ್ತಿತ್ತು. ಅವುಗಳ ಬಿಡಿಭಾಗ ತರಿಸುವುದು ನನ್ನ ಕೆಲಸ. ಮ್ಯಾನ್‌ಹೈಮ್ ಎಂಬ ಊರಿನ ಕಾರ್ಖಾನೆಯಿಂದ ಫ್ಯಾಕ್ಸಿನಲ್ಲಿ ನಕ್ಷೆಗಳು ಬರುತ್ತಿದ್ದವು, ಅಂಚಿನಲ್ಲಿ ಕೈಬರಹದ ಪಾರ್ಟ್ ನಂಬರುಗಳು. ಅವನ್ನು ನೋಡಿ ಆರ್ಡರ್ ಕಳಿಸಿದರೆ ಎಷ್ಟೋ ಸಲ ಎರಡು ದಿನ ಬಿಟ್ಟು ಉತ್ತರ: "ಇಂಥ ನಂಬರ್ ಇಲ್ಲ. ದಯವಿಟ್ಟು ಗಮನವಿಟ್ಟು ಓದಿ." ಕೆಳಗೆ ಒಂದು ಇನಿಷಿಯಲ್, ಒಂದು ಮನೆತನದ ಹೆಸರು. ಬರೆಯುವಾತ ದಪ್ಪ ಮೀಸೆಯ ಸಿಡುಕನೇ ಇರಬೇಕೆಂದು ನಾವು ತೀರ್ಮಾನಿಸಿದ್ದೆವು. "ಮೀಸೆಯ ಫ್ಯಾಕ್ಸ್ ಬಂತು" ಎಂದೇ ಆಫೀಸಿನಲ್ಲಿ ಹೇಳುತ್ತಿದ್ದುದು.

ಒಮ್ಮೆ ಆ ಕಾರ್ಖಾನೆಯವರು ಒಂದು ವಾರದ ತರಬೇತಿಗೆ ಕರೆದರು. ನಮ್ಮ ಮ್ಯಾನೇಜರ್ ಮೈಸೂರಿನವರು. "ನೀವೇ ಹೋಗ್ಬಿಟ್ಟು ಬನ್ನಿ ಮೇಡಂ. ಆ ಮೀಸೆ ಜೊತೆ ಒಂದ್ಸಲ ಎದುರಾ ಎದುರು ಜಗಳ ಆಡಿ ಖಲಾಸ್ ಮಾಡ್ಕೊಂಡ್ ಬನ್ನಿ" ಎಂದರು. ಮಗಳಿಗೆ ಆಗಿನ್ನೂ ಆರು ವರ್ಷ. ಹೇಗೆ ಬಿಟ್ಟು ಹೋಗುವುದೆಂದು ನಾನು ಹಿಂದೆ ಮುಂದೆ ನೋಡಿದರೆ ನನ್ನ ಗಂಡ, "ಹೋಗು ಮಾರಾಯ್ತಿ. ಒಂದು ವಾರ ನಾವಿಬ್ರು ಕುಬೂಸ್ ರೊಟ್ಟಿ ತಿಂದು ಬದುಕ್ತೇವೆ" ಎಂದು ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿಯೇಬಿಟ್ಟರು.

ಮ್ಯಾನ್‌ಹೈಮ್ ಸ್ಟೇಷನ್ನಿನಲ್ಲಿ ಇಳಿದು ಮೀಸೆಗಾಗಿ ಹುಡುಕಿದೆ. ಜನ ಕರಗುತ್ತಾ ಬಂದು, ಕೊನೆಗೆ ಪ್ಲಾಟ್‌ಫಾರಮ್ಮಿನಲ್ಲಿ ಉಳಿದವರು ಇಬ್ಬರೇ: ನಾನು ಮತ್ತು ಬೋರ್ಡ್ ಹಿಡಿದು ನಿಂತ, ಬಿಳಿಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಎತ್ತರದ ಹೆಂಗಸು. ಹತ್ತಿರ ಹೋಗಿ ನೋಡಿದರೆ ಬೋರ್ಡಿನಲ್ಲಿ ನನ್ನದೇ ಹೆಸರು, ಅದರ ಮುಂದೆ "ಮಿಸ್ಟರ್". ಆಕೆ ನನ್ನ ಸೀರೆ ನೋಡಿದರು, ಬೋರ್ಡ್ ನೋಡಿದರು. "ನೀವು ಗಂಡಸೆಂದುಕೊಂಡಿದ್ದೆ!" ಎಂದರು. "ನಾನೂ ನಿಮ್ಮನ್ನು ಹಾಗೇ ಅಂದುಕೊಂಡಿದ್ದೆ" ಎಂದೆ. ಮೀಸೆಯ ಸುದ್ದಿಯನ್ನು ಮಾತ್ರ ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಆಕೆ ಫ್ಯಾಕ್ಸಿನಷ್ಟೇ ಖಡಕ್ಕು. ಆದರೂ ಮೂರನೆಯ ದಿನ ಊಟಕ್ಕೆ ಕರೆದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ಆ ಊರಿನ ನಡುಭಾಗದಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ. ಚದುರಂಗದ ಮಣೆಯಂತೆ ಚೌಕಗಳು. ಒಂದೊಂದಕ್ಕೂ ಒಂದು ಅಕ್ಷರ, ಒಂದು ಅಂಕೆ. ಪಂಪಿನ ಪಾರ್ಟ್ ನಂಬರಿನಂತೆಯೇ! ಪೆಟ್ರೋಲ್ ಬಂಕಿನ ಎದುರು, ನೀರಿನ ಟ್ಯಾಂಕಿಯ ಹಿಂದೆ ಎಂದು ವಿಳಾಸ ಹೇಳುವ ದೋಹಾದಿಂದ ಹೋದ ನನಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಿತು.

ಖರ್ಜೂರದ ಡಬ್ಬಿ ಹಿಡಿದು 'ಆರ್ ಏಳು' ಹುಡುಕಿ, ಚೀಟಿಯಲ್ಲಿದ್ದ ಮನೆ ನಂಬರಿನ ಬೆಲ್ ಒತ್ತಿದೆ. ಬಾಗಿಲು ತೆರೆದದ್ದು ಒಬ್ಬ ಮುದುಕರು. ಅವರಿಗೆ ಇಂಗ್ಲಿಷ್ ಬಾರದು. ಚೀಟಿ ಕೊಟ್ಟೆ. ಓದಿ ನಕ್ಕು, ಒಂದು ಬೆರಳೆತ್ತಿ ತೋರಿಸಿ, ಕೋಟು ಹಾಕಿಕೊಂಡು ನನ್ನ ಜೊತೆಗೇ ಹೊರಟರು. ಆರು ಚೌಕ ದಾಟಿ 'ಆರ್ ಒಂದು' ಎಂಬಲ್ಲಿಗೆ ಮುಟ್ಟಿಸಿದರು. ಬಾಗಿಲಲ್ಲಿ ಕಾಯುತ್ತಿದ್ದ ಆಕೆ ಅವರ ಮಾತು ಕೇಳಿ ನನ್ನ ಕಡೆ ತಿರುಗಿದರು.

"ಏಳಕ್ಕೆ ಯಾಕೆ ಹೋದಿರಿ? ನಾನು ಒಂದು ಎಂದು ಬರೆದಿದ್ದೇನಲ್ಲ."

"ಇದು ಏಳಲ್ಲವೇ?"

ಆಕೆ ಚೀಟಿ ಇಸಿದುಕೊಂಡರು. ಒಂದರ ತಲೆಯಿಂದ ಎಡಕ್ಕೆ ಉದ್ದ ಗೆರೆ ಎಳೆಯುವುದು ಅವರ ರೂಢಿ. ಏಳಕ್ಕಾದರೆ ಅವರಲ್ಲಿ ನಡುವೆ ಒಂದು ಅಡ್ಡಗೆರೆ ಇರಬೇಕಂತೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಹಾಗಾದರೆ ಆ ನಂಬರುಗಳೆಲ್ಲ..." ಎಂದರು.

"ನಾಲ್ಕು ವರ್ಷ!" ಎಂದೆ.

ಆಕೆ ಸೋಫಾದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ ಎದ್ದು, ಕೈಕುಲುಕಿ ಕ್ಷಮೆ ಕೇಳಿದರು. ಮುದುಕರನ್ನೂ ಊಟಕ್ಕೆ ಕೂರಿಸಿದೆವು. ಆಲೂಗೆಡ್ಡೆ, ಬೆಣ್ಣೆಯಲ್ಲಿ ಅದ್ದಿದ ಬಿಳಿ ಕೋಲಿನಂಥ ತರಕಾರಿ. ಖರ್ಜೂರದ ಅರ್ಧ ಡಬ್ಬಿಯನ್ನು ಆ ಮುದುಕರೇ ಖಾಲಿ ಮಾಡಿದರು.

ಶನಿವಾರ ಆಕೆ ನನ್ನನ್ನು ಒಪೆರಾಕ್ಕೆ ಕರೆದೊಯ್ದರು. ನಮಗಿಂತ ಎರಡು ಸಾಲು ಮುಂದೆ ಕಪ್ಪು ಸೂಟಿನಲ್ಲಿ ಕುಳಿತವರು ತಿರುಗಿ ಕೈಬೀಸಿದರು. ಯಾರೆಂದು ನೋಡಿದರೆ, ಹಿಂದಿನ ದಿನ ನೀಲಿ ಅಂಗಿಯಲ್ಲಿ ಗ್ರೀಸ್ ಮೆತ್ತಿದ ಕೈಯಿಂದ ನಮಗೆ ಪಂಪು ಬಿಚ್ಚಿ ತೋರಿಸಿದ ಮೇಸ್ತ್ರಿ! ದೋಹಾದಲ್ಲಿ ಇಂಥ ಕಡೆ ಮ್ಯಾನೇಜರುಗಳನ್ನಲ್ಲದೆ ಬೇರೆಯವರನ್ನು ನಾನು ಕಂಡಿರಲಿಲ್ಲ. ಹಾಡಿನ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೂ ಎವೆಯಿಕ್ಕದೆ ನೋಡಿದೆ.

"ಹೇಗಿತ್ತು?" ಎಂದರು ಆಕೆ.

"ಕತೆ ಗೊತ್ತಾಗಲಿಲ್ಲ. ಆದರೆ ಆ ಹುಡುಗಿ ಅವನ ಮಾತು ನಂಬಬಾರದಿತ್ತು."

"ಮೂವತ್ತು ವರ್ಷದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ."

ಮುಂದಿನ ಚಳಿಗಾಲದಲ್ಲಿ ಕೆಲಸದ ಮೇಲೆ ಆಕೆಯೇ ಕತಾರಿಗೆ ಬಂದರು. ಶುಕ್ರವಾರ ಕರಾವಳಿಯ ಅಲ್ ಖೋರ್‌ಗೆ ಕರೆದೊಯ್ದು, ದಕ್ಕೆಯಲ್ಲಿ ದೋಣಿಯಿಂದ ಆಗಷ್ಟೇ ಇಳಿದ ಅಂಜಲ್ ಮೀನು ಕೊಂಡು, ಅಲ್ ಹಿಲಾಲ್‌ನ ನಮ್ಮ ಮನೆಯಲ್ಲಿ ಸಾರು ಮಾಡಿದೆ. ಮಗಳು ಆಕೆಯ ಪಕ್ಕದಲ್ಲಿ ಕುಳಿತು ಅನ್ನ ಕಲಸುವುದನ್ನು ಕಲಿಸಿದಳು. "ಹಾಗಲ್ಲ ಆಂಟಿ, ಅಂಗೈಗೆ ತಾಗಬಾರದು." ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಆಕೆ ಎರಡನೆಯ ಸಲ ಬಡಿಸಿಕೊಂಡರು.