ಭಾವನ ಕೆಂಪು ಶ್ರಿಂಪು

ನನ್ನ ಗಂಡನ ಅಣ್ಣ, ನನ್ನ ಭಾವ, ಮೀನಂಗಡಿ ಇರುವ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ಮನುಷ್ಯ. ಅಂಥವರು ನಿವೃತ್ತರಾದ ಮೇಲೆ ಬನ್ನಿಮಂಟಪದ ಮನೆಯ ಹಾಲಿನಲ್ಲಿ ಗಾಜಿನ ತೊಟ್ಟಿಯಿಟ್ಟು, ಉಗುರಿನಷ್ಟುದ್ದದ ಕೆಂಪು ಸೀಗಡಿ ಸಾಕತೊಡಗಿದರು. ನಾನು ಬಾಯಿತಪ್ಪಿ "ಸೀಗಡಿ" ಅಂದಾಗ ಮುಖ ಸಿಂಡರಿಸಿದರು.

"ಸೀಗಡಿ ಅನ್ಬೇಡಮ್ಮ, ಅದು ತಿನ್ನೋರ ಮಾತು. ಇದು ಶ್ರಿಂಪು."

ಆಮೇಲೆ ಎರಡು ಗಂಟೆ ತಳಿಶುದ್ಧಿಯ ಪಾಠ. ಬಣ್ಣ ಸಾಲದ ಮರಿಗಳನ್ನು ಪುಟ್ಟ ಬಲೆಯಲ್ಲೆತ್ತಿ, ನಮ್ಮ ಕಣ್ಣೆದುರೇ ಸಿಂಕಿಗೆ ಸುರಿದರು. ಅವು ಸ್ಟೀಲಿನ ಮೇಲೆ ಚಿಮ್ಮುತ್ತಿದ್ದವು. ನನ್ನ ಗಂಡ ಎಂದಿನಂತೆ ಅಣ್ಣನ ಮುಂದೆ ಗೋಣು ಹಾಕುತ್ತ ಕೂತಿದ್ದರು. ಬಲೆಯಲ್ಲಿ ಇನ್ನೂ ಉಳಿದಿದ್ದ ಸಪ್ಪೆ ಬಣ್ಣದವನ್ನು ನಾನು ಕೇಳಿದಾಗ ಡಬ್ಬಿಗೆ ಹಾಕಿಕೊಟ್ಟು, "ನಿಮ್ಮನೇಗೆ ಇದೇ ಸಾಕು ಬುಡು" ಅಂದರು.

ಕುವೆಂಪುನಗರದ ನಮ್ಮ ಮನೆಯ ಪುಟ್ಟ ತೊಟ್ಟಿಯಲ್ಲಿ ಆ ಸಪ್ಪೆ ಕೆಂಪಿನವು ಚೆನ್ನಾಗಿಯೇ ಬದುಕಿದವು. ಮಗಳು ಅಂಗಡಿಯಿಂದ ಒಂದಷ್ಟು ನೀಲಿ ಬಣ್ಣದವನ್ನೂ ತಂದು ಬಿಟ್ಟಳು. ಕೆಲವು ತಿಂಗಳಲ್ಲಿ ಪಾಚಿಯ ನಡುವೆ ಮರಿಗಳು ಓಡಾಡತೊಡಗಿದವು: ಕೆಲವು ಕಂದು, ಕೆಲವು ಗಾಜಿನಷ್ಟು ತಿಳಿ.

ಅದೇ ದಿನಗಳಲ್ಲಿ ಮಗಳು ತಾನು ಮೆಚ್ಚಿದ ಹುಡುಗನ ವಿಷಯ ಹೇಳಿದ್ದಳು. ಹುಡುಗ ನಮ್ಮ ಜಾತಿಯವನಲ್ಲ. ಸುದ್ದಿ ತಿಳಿದು ಭಾವ ಬಂದರು. ಬಂದವರೇ ತೊಟ್ಟಿಯ ಮುಂದೆ ಬಗ್ಗಿದರು.

"ಏನಮ್ಮ ಇದು, ಕೆಂಪು ನೀಲಿ ಎಲ್ಲ ಒಂದ್ರಲ್ಲೇ ಬಿಟ್ಬುಟ್ಟಿದ್ದೀಯ! ಮರಿಗಳ್ನ ನೋಡು, ಕೆಸರಿನ ಬಣ್ಣ. ಬೆರಕೆ ಆದ್ರೆ ಇಂಗೇ ಕಣಮ್ಮ."

ಹೇಳುವಾಗ ಅವರ ಕಣ್ಣು ತೊಟ್ಟಿಯ ಮೇಲಿರಲಿಲ್ಲ. ಕಾಫಿ ಹಿಡಿದು ಬಂದ ನನ್ನ ಮಗಳ ಮೇಲಿತ್ತು.

ಅವಳು ಲೋಟ ಮುಂದಿಟ್ಟು, "ಅವು ಆರಾಮಾಗಿವೆ ದೊಡ್ಡಪ್ಪ" ಎಂದಳು.

ಅವರು ಕಾಫಿ ಮುಟ್ಟದೆ ಎದ್ದು ಹೋದರು. ಮದುವೆಗೆ ಬರಲಿಲ್ಲ. ಮಂಡಿನೋವು ಎಂದು ಹೇಳಿಕಳಿಸಿದರು. ಆ ಮಂಡಿಯಲ್ಲೇ ಅದೇ ವಾರ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದ್ದರೆಂದು ಅವರ ಹೆಂಡತಿಯೇ ಬಾಯಿಬಿಟ್ಟರು.

ಮಳೆಗಾಲದಲ್ಲಿ ಭಾವನ ಹೆಂಡತಿ, ನಾನು ಅಕ್ಕ ಎನ್ನುವವರು, ಫೋನು ಮಾಡಿದರು: "ಎಲ್ಲ ಸತ್ತೋದ್ವು ಕಣಮ್ಮ. ಇವ್ರು ಊಟ ಬಿಟ್ಟು ಕೂತವ್ರೆ." ನಾನೂ ನನ್ನ ಗಂಡನೂ ಹೋದೆವು. ತೊಟ್ಟಿಯ ತಳದ ಮರಳಿನ ಮೇಲೆ ಆ ಕೆಂಪೆಲ್ಲ ಬಿಳಿಚಿಕೊಂಡು ಬಿದ್ದಿತ್ತು. ಭಾವ ಒಮ್ಮೆ ನಲ್ಲಿ ನೀರನ್ನು ಬೈದರು, ಒಮ್ಮೆ ಯಾರದೋ ಕಣ್ಣುಬಿತ್ತು ಎಂದರು.

"ನೀರು ಹೆಂಗೆ ಹಾಕ್ತಿದ್ರಿ ಭಾವ?" ಎಂದೆ.

"ನಲ್ಲಿ ನೀರು ಹಂಗೇ ಹಾಕೋಕೆ ನಾನೇನು ನಿಮ್ಮಂಗಾ? ಈಗ ತಿಂಗಳಿಂದ ತಾಮ್ರದ ಬಿಂದಿಗೇಲಿ ತುಂಬಿಟ್ಟು ಹಾಕ್ತಿದ್ದೆ. ಶುದ್ಧವಾಗ್ಲಿ ಅಂತ."

ತಾಮ್ರದ ಅಂಶ ಈ ಜೀವಿಗಳಿಗೆ ವಿಷ. ಫೋನಿನಲ್ಲಿ ಒಮ್ಮೆ ಹುಡುಕಿದ್ದರೂ ಗೊತ್ತಾಗುತ್ತಿತ್ತು. ಹೇಳಿದೆ.

"ನಂಗೇ ಹೇಳ್ಕೊಡೋಕೆ ಬಂದ್ಯಾ?" ಎಂದು ಕೂಗಿದರು. ನನಗೆ ಮರುಕ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಸತ್ತ ಸೀಗಡಿಗಳ ಬಗ್ಗೆ ಮಾತ್ರ ಹುಟ್ಟಿತು.

ಮಗಳಿಗೆ ವಿಷಯ ತಿಳಿದು, ಮುಂದಿನ ಭಾನುವಾರ ಗಂಡನನ್ನು ಕರೆದುಕೊಂಡು ಬನ್ನಿಮಂಟಪಕ್ಕೆ ಹೊರಟಳು. ಬೇಡ ಎಂದೆ, ಕೇಳಲಿಲ್ಲ. ನಮ್ಮ ತೊಟ್ಟಿಯ ಕಂದು ಸೀಗಡಿಗಳಿದ್ದ ನೀರಿನ ಚೀಲವನ್ನು ಅಳಿಯ ಸ್ಕೂಟರಿನ ಹಿಂದೆ ಕೂತು ಮಡಿಲಲ್ಲಿಟ್ಟುಕೊಂಡು ಹೋದ. ಭಾವ ಬಾಗಿಲಲ್ಲೇ ಚೀಲ ಇಸಿದುಕೊಂಡರಂತೆ. ಅವನನ್ನು ಒಳಗೆ ಕರೆದದ್ದು ಅಕ್ಕ.

ಸ್ವಲ್ಪ ದಿನದಲ್ಲಿ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಭಾವನ ಫೋಟೋ ಬಂತು. ಹೊಸ ನೀರು, ಹೊಸ ಪಾಚಿ, ಅದರ ಮೇಲೆ ನಮ್ಮ ಮನೆಯ ಕಂದು ಮರಿಗಳು. ಕೆಳಗೆ ಬರೆದಿದ್ದರು: ಬಣ್ಣದವೆಲ್ಲ ಮನುಷ್ಯ ಮಾಡಿಕೊಂಡದ್ದು, ಕಾಡಿನ ಹೊಳೆಯಲ್ಲಿದ್ದ ಮೂಲ ತಳಿ ಇದೇ, ಇದಕ್ಕಿಂತ ಶುದ್ಧವಾದದ್ದು ಇಲ್ಲ. ನೆಂಟರೆಲ್ಲ ಕೈಮುಗಿದ ಚಿತ್ರ ಹಾಕಿದರು. ನನ್ನ ಗಂಡ ಕೂಡ.

ಮೊನ್ನೆ ಭಾವ ಮಗಳಿಗೇ ನೇರವಾಗಿ ಫೋನು ಮಾಡಿ, ಸ್ನೇಹಿತರೊಬ್ಬರಿಗೆ ಬೇಕು, ಇನ್ನೊಂದಷ್ಟು ಕೊಡು ಎಂದರಂತೆ. ಅಳಿಯನ ಹೆಸರೆತ್ತಿ ಒಂದು ಮಾತು ವಿಚಾರಿಸಲಿಲ್ಲ. ಅವಳು ಕೊಟ್ಟಳು. ನಾನಾಗಿದ್ದರೆ ಆ ಮನುಷ್ಯನಿಗೆ ತೊಟ್ಟಿಯ ಪಾಚಿಯನ್ನೂ ಕೊಡುತ್ತಿರಲಿಲ್ಲ.