ಮೊದಲು ಎತ್ತಿದ ಕೈ

ನಮ್ಮ ಮನೆಯಲ್ಲಿ ಅವ್ವನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯೊಂದಿದೆ. ಹೊದೆಯುವವನು ನನ್ನ ತಮ್ಮ ಶಿವಪ್ಪ, ಎಳೆಯುವವನು ನಾನು. ನೌಕರಿಯುದ್ದಕ್ಕೂ ಶಾಲೆಯ ಮಕ್ಕಳಿಗೆ ಕವಾಯತು ಕಲಿಸಿದ ನನಗೆ, ನಸುಕಿನಲ್ಲೆದ್ದು ನಡಿಗೆಗೆಂದು ಪಕ್ಕದೂರು ಮಲ್ಲಸಮುದ್ರದ ಹಾದಿ ಹಿಡಿಯದ ದಿನ ದಿನವೇ ಅಲ್ಲ. ಒಬ್ಬನೇ ನಡೆಯುವುದೂ ಬೇಸರ. ತಮ್ಮನೂ ನಿವೃತ್ತ, ಆದರೆ ಅವನ ಪಾಲಿಗೆ ನಿವೃತ್ತಿಯೆಂದರೆ ನಿದ್ದೆ. ಹೀಗಾಗಿ ಆ ಕೌದಿ ದಿನವೂ ನಮ್ಮಿಬ್ಬರ ಹಗ್ಗಜಗ್ಗಾಟದ ಹಗ್ಗ.

ಮೊನ್ನೆ ಬೆಟಗೇರಿಯ ನಮ್ಮ ಓಣಿಯಲ್ಲಿ ಹೊಸ ಪಕ್ಷವೊಂದರ ಸಭೆ ನಡೆಯಿತು. ಸದಸ್ಯನಾಗುವವನು ಮೊದಲು ಪ್ರತಿಜ್ಞೆ ಮಾಡಬೇಕು: "ನಾನು ಯಾರ ಮೇಲೂ ಮೊದಲು ಕೈ ಎತ್ತುವುದಿಲ್ಲ." ಮೈಮೇಲೆ ಬಂದವನನ್ನು ತಡೆಯಬಹುದು, ಬಲಪ್ರಯೋಗದ ಆರಂಭ ಮಾತ್ರ ನಮ್ಮಿಂದಾಗಬಾರದು. ನಿಯಮವೆಂದರೆ ನನಗೆ ಪ್ರೀತಿ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ. ಕೂಡಲೇ ಸಂಚಾಲಕರು, "ಒಪ್ಪಿದವರು ಕೈ ಎತ್ರಿ" ಎಂದರು.

ಒಂದು ಕೈಯೂ ಏಳಲಿಲ್ಲ.

"ಯಾಕ್ರೀ?"

"ಮೊದಲ ಯಾರು ಎತ್ತಬೇಕ್ರಿ? ಈಗಷ್ಟ ಆಣಿ ಮಾಡೇವಿ" ಎಂದ ಹಿಂದೆ ಕೂತಿದ್ದ ಶಿವಪ್ಪ.

ನಗು ಇಳಿಯುವ ಮೊದಲೇ ಎದ್ದು ನಿಂತ. "ಇನ್ನೊಂದ್ ಮಾತ್ರಿ. ಮಲಗಿದವನ ಕೌದಿ ಜಗ್ಗೋದು ಇದರಾಗ ಬರ್ತೈತೇನು? ನಮ್ಮಣ್ಣ ಇಲ್ಲೇ ಕುಂತಾನ, ಕೇಳ್ರಿ."

"ಅವನ ಒಳ್ಳೇದಕ್ಕ ಜಗ್ಗತೀನ್ರಿ" ಎಂದೆ.

"ಎಲ್ಲಾರೂ ಹಂಗ ಅಂತಾರ್ರಿ ಸರ" ಎಂದರು ಸಂಚಾಲಕರು.

ಗೆಳೆಯರೇ, ನಮ್ಮ ಭಾಷೆಯಲ್ಲಿ ಹೊಡೆಯಲು, ಒಪ್ಪಲು, ಸೋಲಲು ಎಲ್ಲಕ್ಕೂ ಒಂದೇ ಕೈ ಎತ್ತುತ್ತೇವೆ. ಬಲಪ್ರಯೋಗಕ್ಕೆ ಬಡಿಗೆಯೇ ಬೇಕೆಂದು ತಿಳಿದಿದ್ದೆ. ಪರರ ಹಿತಕ್ಕಾಗಿ ನಾವು ಪಡುವ ಅವಸರದ ಕಡೆ ಕಣ್ಣು ಹೋಗಿರಲಿಲ್ಲ. ಈಗ ಕೌದಿ ಎಳೆದರೆ ಕೊಟ್ಟ ಮಾತು ತಪ್ಪುತ್ತದೆ, ಬಿಟ್ಟರೆ ನಡಿಗೆಯ ಜೊತೆಗಾರ ತಪ್ಪುತ್ತಾನೆ.

ಮರುದಿನ ನಸುಕಿನಲ್ಲಿ, ಮಕ್ಕಳಿಗೆ "ವಿಶ್ರಾಮ" ಎಂದು ಕೂಗುತ್ತಿದ್ದ ಭಂಗಿಯಲ್ಲೇ, ಕೈ ಬೆನ್ನಿಗೆ ಕಟ್ಟಿ ತಮ್ಮನ ಪಕ್ಕ ನಿಂತೆ. ಕೆಮ್ಮಿದೆ. ಕೆಮ್ಮು ಬಲಪ್ರಯೋಗವಲ್ಲವೆಂದು ಸಮಾಧಾನ ಮಾಡಿಕೊಂಡು ಮತ್ತೊಮ್ಮೆ ಕೆಮ್ಮಿದೆ. ಒಳಗಿನಿಂದ ತಮ್ಮನ ಕೈ ಕೌದಿಯ ಅಂಚನ್ನು ಮೆಲ್ಲಗೆ ಮೇಲೆತ್ತಿತು.

"ಭಾಳ ಥಂಡಿ ಐತಿ, ಒಳಗ ಬಾರೋ ಅಣ್ಣಾ. ಬಿಸಲ ಬಿದ್ದಮ್ಯಾಲ ಇಬ್ಬರೂ ಹೋಗೂಣು."

ಚಿಕ್ಕಂದಿನಲ್ಲಿ ಇಬ್ಬರಿಗೂ ಅದೊಂದೇ ಕೌದಿ. ಹೊಕ್ಕು ಮಲಗಿದೆ. ಪ್ರತಿಜ್ಞೆ ಮಾಡಿಬಂದ ನಮ್ಮ ಮನೆಯಲ್ಲಿ ಮೊದಲು ಕೈ ಎತ್ತಿದವನು ಶಿವಪ್ಪನೇ.